ಆಯುಧ ಸಮೇತ ಹಾಜರಾಗತಕ್ಕದ್ದು

“ಮೇಡಂ, ನಿಮ್ ನೋಟೀಸ್ ತೋರ್ಸುದ್ರೂ ಬುಡ್ತಿಲ್ಲ ಕಣಮ್ಮ! ರಿವಾಲ್ವರ್ ಇಸ್ಕಂಡ್ಬುಟ್ರು. ಬಸ್ಸಿಂದ ಇಳ್ಸಿ ಬೆಂಚ್ ಮ್ಯಾಲೆ ಕೂರ್ಸವ್ರೆ.”

ಸೋಮವಾರ ಬೆಳಗ್ಗೆ ಹತ್ತೂಕಾಲು. ಮಧುಗಿರಿಯ ನಮ್ಮ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಆಗಷ್ಟೇ ಬೀರು ತೆಗೆದು ಫೈಲು ಹರಡಿಕೊಂಡಿದ್ದೆ. ಫೋನಿನಲ್ಲಿದ್ದವರು ಪಾವಗಡದ ಹೊರಗೆ ಪೆಟ್ರೋಲ್ ಬಂಕ್ ನಡೆಸುವ ಹೆಂಗಸು. ಫೈಲಿನಲ್ಲಿ ಅವರಿಗೆ ಉದ್ದದ ಹೆಸರಿದೆ, ನಮ್ಮ ಶಾಖೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಬಂಕಿನಮ್ಮ.

“ಯಾರು ಹಿಡಿದಿರೋದು? ಎಲ್ಲಿದ್ದೀರಿ ನೀವು?”

“ಆಂಧ್ರದ ಚೆಕ್‌ಪೋಸ್ಟ್‌ನಾಗೆ. ಅವ್ರಿಗೆ ಎಲೆಕ್ಷನ್ ಅಂತೆ. ‘ಏನಾದ್ರೂ ಐತಾ’ ಅಂದ್ರು. ರಿವಾಲ್ವರ್ ಐತೆ ಅಂತ ನಾನೇ ಅಂದೆ. ಸರ್ಕಾರ ಕರ್ದಿರೋದಲ್ವಾ, ಹೆದ್ರಿಕೆ ಏನು ಅಂತ.”

ಆಂಧ್ರ! ಮೇಜಿನ ಮೇಲಿದ್ದ ನೋಟೀಸಿನ ಕಚೇರಿ ಪ್ರತಿಯನ್ನು ಎಳೆದುಕೊಂಡೆ. “ಪರವಾನಗಿದಾರರು ಪರವಾನಗಿ ಪುಸ್ತಕ, ಆಯುಧ ಹಾಗೂ ಮದ್ದುಗುಂಡು ಸಮೇತ ಮಧುಗಿರಿ ಕಚೇರಿಗೆ ಖುದ್ದು ಹಾಜರಾಗತಕ್ಕದ್ದು.” ಟೈಪು ಮಾಡಿದವಳು ನಾನು. ತಿದ್ದಿದವಳು ನಾನು. ಸಾಹೇಬರ ಸಹಿಗೆ ಇಟ್ಟವಳೂ ನಾನೇ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ರಿವಾಲ್ವರ್ ಮತ್ತು ಪಿಸ್ತೂಲಿನ ಫೈಲುಗಳು ನನ್ನ ಮೇಜಿನವು. ಒಂದು ನೋಟೀಸು ಮಾಡಿಕೊಂಡು, ತಾಲ್ಲೂಕಿನ ಹೆಸರು ನಾಲ್ಕು ಸಲ ಬದಲಾಯಿಸಿ, ನಾಲ್ಕು ವಾರಕ್ಕೆ ಹಂಚಿ, ಎಷ್ಟು ಚೊಕ್ಕವಾಗಿ ಮುಗಿಸಿದೆ ಎಂದು ಬೀಗಿದ್ದೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆ ನಡುವೆ ಆಂಧ್ರಕ್ಕೆ ಹೊಕ್ಕು ಹೊರಬರುತ್ತದೆ. ಇದು ನಮ್ಮ ಕಡೆಯ ಹಸುಗೂಸಿಗೂ ಗೊತ್ತು. ಆದರೆ ಗೊತ್ತಿದ್ದೂ ಗೊತ್ತಿಲ್ಲದ ಹಾಗೆ. ಬೋರ್ಡುಗಳ ಅಕ್ಷರ ತೆಲುಗಾಗುತ್ತದೆ, ಬಸ್ಸಿನಲ್ಲಿ ಕಡಲೆಕಾಯಿ ಸುಲಿಯುವವರು ತಲೆ ಎತ್ತುವುದಿಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡ ಬೋರ್ಡು ಬರುತ್ತದೆ. ಒಂದೇ ಜಿಲ್ಲೆಯಲ್ಲವೇ ಎಂದುಕೊಂಡು ನಾನೂ ನೂರು ಸಲ ಹೋಗಿ ಬಂದಿದ್ದೇನೆ. ಮನುಷ್ಯರಿಗೆ ಸರಿ. ರಿವಾಲ್ವರಿಗೆ?

ಬಂಕಿನಮ್ಮನ ಫೈಲು ತೆಗೆದೆ. ಪಾಯಿಂಟ್ ಮೂವತ್ತೆರಡರ ರಿವಾಲ್ವರ್. ಉದ್ದೇಶ: ಆತ್ಮರಕ್ಷಣೆ. ಪರವಾನಗಿಯ ವ್ಯಾಪ್ತಿ: ಕರ್ನಾಟಕ ರಾಜ್ಯ. ಆಯುಧ ಕಾಯ್ದೆ ದೇಶಕ್ಕೆಲ್ಲ ಒಂದೇ. ಆದರೆ ಪರವಾನಗಿ ಎಷ್ಟು ದೂರ ನಡೆಯುತ್ತದೆ ಎಂಬುದನ್ನು ಆ ಒಂದು ಸಾಲು ಹೇಳುತ್ತದೆ. ಕೆಲವರದು ಜಿಲ್ಲೆಗೆ ಮುಗಿಯುತ್ತದೆ, ಬಹಳ ಜನರದು ರಾಜ್ಯಕ್ಕೆ, ಇಡೀ ದೇಶಕ್ಕೆ ಸಿಗುವುದು ಬಲು ಕಡಿಮೆ ಮಂದಿಗೆ. ಅದರ ಮೇಲೆ, ಎಲ್ಲಿ ಚುನಾವಣೆಯೋ ಅಲ್ಲಿ ಇದ್ದಬದ್ದ ಆಯುಧಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ನಮ್ಮ ಕಡೆ ಚುನಾವಣೆಯಿಲ್ಲ, ಅವರ ಕಡೆ ಇದೆ. ಅಂದರೆ ಬಂಕಿನಮ್ಮ ಮನೆಯಲ್ಲಿ ಕಾನೂನುಬದ್ಧವಾಗಿ ಸೊಂಟಕ್ಕೆ ಕಟ್ಟಿದ ರಿವಾಲ್ವರ್, ಅರ್ಧ ಗಂಟೆಯ ಪ್ರಯಾಣದಲ್ಲಿ ಎರಡೆರಡು ಬಗೆಯ ಅಪರಾಧವಾಗಿತ್ತು. ಅದನ್ನು ಮಾಡಿಸಿದ್ದು ನನ್ನ ಚೊಕ್ಕ ನೋಟೀಸು!

ಆಗ ಇನ್ನೊಂದು ಹೊಳೆಯಿತು. ಪಾವಗಡದಿಂದ ಅವತ್ತು ಕರೆದಿದ್ದವರು ಬಂಕಿನಮ್ಮ ಒಬ್ಬರೇ ಅಲ್ಲ, ಒಂಬತ್ತು ಜನ. ಯಾ ಅಲ್ಲಾ! ಎದ್ದು ನಿಂತೇ ಫೋನು ಮಾಡತೊಡಗಿದೆ. ಮೊದಲನೆಯವರು ಇನ್ನೂ ತಿಂಡಿ ತಿನ್ನುತ್ತಿದ್ದರು. ಎರಡನೆಯವರು ಫೋನು ಎತ್ತಲಿಲ್ಲ, ಅವರ ಸೊಸೆಗೆ ಮಾಡಿದೆ. ಮೂರನೆಯವರು ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಕೂತಿದ್ದರು.

“ಇಳೀರಿ ಸಾರ್, ಇಳೀರಿ!”

“ಟಿಕೆಟ್ ತಗಂಡೀನಲ್ಲಮ್ಮ.”

“ಟಿಕೆಟ್ ಹಾಳಾಗಲಿ, ಇಳಿದು ಮನೆಗೆ ಹೋಗ್ರಿ!”

ಶಾಖೆಯವರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿ ಮೊದಲೇ ಜೋರು, ಅವತ್ತು ಮಧುಗಿರಿ ಬೆಟ್ಟಕ್ಕೂ ಕೇಳಿಸಿರಬೇಕು. ಏಳು ಜನರನ್ನು ತಡೆದೆ. ಒಂಬತ್ತನೆಯವರಿಗೆ ಫೋನು ಮಾಡಿದರೆ ನಮ್ಮ ಕಾರಿಡಾರಿನಲ್ಲೇ ರಿಂಗಾಯಿತು.

ರಾಯಚರ್ಲು ಕಡೆಯ ನಿವೃತ್ತ ಮೇಷ್ಟ್ರು. ಬೆಳಗಿನ ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕೂತಿದ್ದರು. ಪಿಸ್ತೂಲು ಊಟದ ಡಬ್ಬಿಯ ಚೀಲದಲ್ಲಿತ್ತು.

“ನಾನ್ ಬಂದ್ಬುಟ್ಟೆ ಕಣಮ್ಮ, ಯಾರೂ ಕೇಳ್ಲೇ ಇಲ್ಲ,” ಎಂದು ಬೀಗಿದರು. ವಿಷಯ ಹೇಳಿದ ಮೇಲೆ ಚೀಲವನ್ನು ತೊಡೆಯಿಂದ ಕೆಳಗಿಟ್ಟು ಅದರಿಂದ ಒಂದು ಗೇಣು ದೂರ ಸರಿದು ಕೂತರು. “ಹಂಗಾರೆ ವಾಪಸ್ ಹೋಗೋದು ಹೆಂಗೆ?”

“ಸಿರಾಕ್ಕೆ ಹೋಗಿ, ಹಿರಿಯೂರು, ಚಳ್ಳಕೆರೆ ಸುತ್ತಿಕೊಂಡು ಪಾವಗಡ. ಆ ಕಡೆಯಿಂದ ಹೋದರೆ ಎಲ್ಲ ಕರ್ನಾಟಕವೇ.”

“ಅರವತ್ತು ಕಿಲೋಮೀಟ್ರಿಗೆ ಇನ್ನೂರು ಕಿಲೋಮೀಟ್ರಾ! ಪಿಸ್ತೂಲಿಗೆ ತೀರ್ಥಯಾತ್ರೆ ಮಾಡ್ಸು ಅಂತೀಯಾ?”

ನಗು ಬಂದರೂ ನಗುವ ಹಾಗಿರಲಿಲ್ಲ. ಮತ್ತೆ ಬಂಕಿನಮ್ಮನಿಗೆ ಫೋನು ಮಾಡಿದೆ. ಅವರ ಕೈಯಿಂದ ಚೆಕ್‌ಪೋಸ್ಟಿನ ಸಬ್‌ಇನ್‌ಸ್ಪೆಕ್ಟರ್ ಫೋನು ತೆಗೆದುಕೊಂಡರು. ತೆಲುಗು, ಕನ್ನಡ ಬೆರೆಸಿ ಸಮಾಧಾನವಾಗಿಯೇ ಮಾತಾಡಿದರು. “ನೋಟೀಸ್ ಚೂಸಾನು, ನೋಡ್ದೆ ಮೇಡಂ. ಆದ್ರೆ ಜೆರಾಕ್ಸ್ ನೋಡಿ ರಿವಾಲ್ವರ್ ಬಿಟ್ಟರೆ ನನ್ನ ಕೆಲಸ ಹೋಗ್ತದೆ. ನಿಮ್ಮ ಆಫೀಸರ್ ಸಂತಕಂ, ಸಹಿ ಇರೋ ಲೆಟರ್ ತನ್ನಿ. ಐದು ಗಂಟೆ ವರ್ಗೂ ಕಾಯ್ತೀನಿ. ಆಮೇಲೆ ಕೇಸ್ ರಾಯಾಲಿ, ಬರೀಲೇಬೇಕು.”

ಕೇಸು ಬರೆದರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ಇಬ್ಬರು ಮಚ್ಚು ಹಿಡಿದು ಬಂಕಿಗೆ ನುಗ್ಗಿದ್ದರು. ತಡೆಯಲು ಹೋದ ಬಂಕಿನಮ್ಮನ ಎಡಗೈ ಮೊಣಕೈಯಿಂದ ಕೆಳಗೆ ಸೀಳಿತ್ತು. ಹಿಡಿದ ಮೇಲೆ ಇಬ್ಬರೂ ಜಾಮೀನಿನ ಮೇಲೆ ಹೊರಬಂದು, ಬೈಕಿನಲ್ಲಿ ಬಂಕಿನ ಮುಂದೆ ಸುಮ್ಮನೆ ನಿಂತು ಹೋಗುತ್ತಿದ್ದರು. ಆಗಲೇ ಬಂಕಿನಮ್ಮ ರಿವಾಲ್ವರಿಗೆ ಅರ್ಜಿ ಹಾಕಿದ್ದು. ಪೊಲೀಸ್ ವರದಿ, ವೈದ್ಯರ ಸರ್ಟಿಫಿಕೇಟು, ಬಂದೂಕು ತರಬೇತಿಯ ಸರ್ಟಿಫಿಕೇಟು ಎಂದು ತಿಂಗಳುಗಟ್ಟಲೆ ನಮ್ಮ ಮೆಟ್ಟಿಲು ಹತ್ತಿದ್ದರು. ಈಗ ಆ ಕೇಸು ವಿಚಾರಣೆಗೆ ಬಂದಿತ್ತು. ಬರುವ ಶುಕ್ರವಾರ ಮಧುಗಿರಿ ಕೋರ್ಟಿನಲ್ಲಿ ಅವರದೇ ಸಾಕ್ಷಿ. ಇವರ ಮೇಲೇ ಆಯುಧದ ಕೇಸು ಬಿದ್ದರೆ ಪರವಾನಗಿ ಅಮಾನತಾಗಿ ರಿವಾಲ್ವರ್ ಕೈತಪ್ಪುತ್ತದೆ. ಎದುರು ವಕೀಲರಿಗಂತೂ ಹಬ್ಬ: “ಸ್ವಾಮಿ, ಈ ಸಾಕ್ಷಿಯೇ ಒಬ್ಬ ಆರೋಪಿ!”

ಪತ್ರ ಬೇಕು. ಸಾಹೇಬರೋ, ತಿರುಮಣಿಯಲ್ಲಿ ಸೋಲಾರ್ ಪಾರ್ಕಿನ ಜಮೀನು ಗುತ್ತಿಗೆಯ ಸಭೆಯಲ್ಲಿದ್ದರು. ಫೋನು ಸ್ವಿಚ್ ಆಫ್. ಜೀಪೂ ಅವರ ಜೊತೆಗೇ ಹೋಗಿತ್ತು. ನಮ್ಮ ಶಿರಸ್ತೇದಾರರು ಕನ್ನಡಕ ಹಣೆಗೇರಿಸಿ ನೋಟೀಸನ್ನು ಎರಡು ಸಲ ಓದಿದರು.

“ನೋಡಮ್ಮ, ಇದು ಹೊರಗೆ ಬಂದ್ರೆ ಮೊದಲು ಹೋಗೋದು ನಿನ್ನ ತಲೆ. ನಾನೊಂದು ಡ್ರಾಫ್ಟ್ ಹಾಕ್ತೀನಿ. ‘ತಪಾಸಣೆ ಪಾವಗಡದಲ್ಲೇ ನಿಗದಿಯಾಗಿತ್ತು, ಪರವಾನಗಿದಾರರು ತಪ್ಪಾಗಿ ಅರ್ಥೈಸಿ ಪ್ರಯಾಣ ಬೆಳೆಸಿರುತ್ತಾರೆ.’ ಕಚೇರಿ ಪ್ರತೀಲಿ ಒಂದು ಸಾಲು ಸರಿ ಮಾಡ್ಕೊಂಡ್ರೆ ಮುಗೀತು.”

“ಅವರ ಹತ್ತಿರ ಇರೋ ನೋಟೀಸಿನಲ್ಲಿ ಮಧುಗಿರಿ ಅಂತಿದೆಯಲ್ಲ ಸಾರ್?”

“ಅದು ಜೆರಾಕ್ಸು. ಇದು ದಾಖಲೆ.”

ನನ್ನನ್ನು ಉಳಿಸಲೆಂದೇ ಹೇಳಿದ್ದು, ಅವರ ಮೇಲೆ ಸಿಟ್ಟಿಲ್ಲ. ನನ್ನ ಮೇಲೆಯೇ ಸಿಟ್ಟು. ಏಕೆಂದರೆ ಆ ಡ್ರಾಫ್ಟನ್ನು ನಾನು ಕೈಯಾರೆ ಟೈಪು ಮಾಡಿದೆ. ನಂತರ ಮನಸ್ಸು ತಡೆಯದೆ ಇನ್ನೊಂದನ್ನೂ ಮಾಡಿದೆ. ನೋಟೀಸು ನಮ್ಮದು, ಸ್ಥಳ ನಿಗದಿ ಮಾಡುವಾಗ ಮಾರ್ಗವನ್ನು ಪರಿಶೀಲಿಸದೆ ಇದ್ದುದು ವಿಷಯ ನಿರ್ವಾಹಕಿಯ, ಅಂದರೆ ನನ್ನ, ಲೋಪ, ಪರವಾನಗಿದಾರರು ಆದೇಶವನ್ನು ಪಾಲಿಸಿದ್ದಾರೆ. ಎರಡನ್ನೂ ಒಂದೇ ರಟ್ಟಿಗೆ ಸೇರಿಸಿ, ಮೂಲ ಕಡತವನ್ನು ಬ್ಯಾಗಿಗೆ ತುರುಕಿ, ಸ್ಕೂಟರ್ ಕಿಕ್ ಹೊಡೆದೆ. ಮೇಷ್ಟ್ರ ಪಿಸ್ತೂಲನ್ನು ಮಧುಗಿರಿ ಠಾಣೆಯ ಸುಪರ್ದಿಗೆ ಕೊಡಿಸುವ ಕೆಲಸ ಶಿರಸ್ತೇದಾರರ ಪಾಲಿಗೆ ಬಿತ್ತು.

ಅಪ್ಪಾ, ಆ ಬಿಸಿಲು! ಮಿಡಿಗೇಶಿ ದಾಟುವಷ್ಟರಲ್ಲಿ ಹ್ಯಾಂಡಲು ಹಿಡಿದ ಕೈ ಸುಡುತ್ತಿತ್ತು. ತಲೆಯ ಮೇಲಿನ ದುಪಟ್ಟಾವನ್ನು ಹೆಲ್ಮೆಟ್ಟಿನೊಳಗೆ ಒತ್ತಿಕೊಂಡು ಗಾಡಿ ಓಡಿಸಿದೆ. ಹೆದರಿಕೆಯಾಗಬೇಕಿತ್ತು. ನಿಜ ಹೇಳಬೇಕೆಂದರೆ ಮೈಯೆಲ್ಲ ಹುರುಪು. ಹದಿನಾಲ್ಕು ವರ್ಷ ಕಾಗದದ ಮೇಲೆ ನೋಡಿದ್ದ ಕಾನೂನು ಮೊದಲ ಸಲ ನನ್ನ ಚಕ್ರದ ಕೆಳಗೆ ಓಡುತ್ತಿತ್ತು. ಗಡಿಯ ಬೋರ್ಡು ದಾಟುವಾಗ, ಇಲ್ಲಿ, ಇಲ್ಲೇ ಎಂದು ಜೋರಾಗಿ ಹೇಳಿದೆ. ಕೇಳುವವರು ಯಾರೂ ಇರಲಿಲ್ಲ.

ಚೆಕ್‌ಪೋಸ್ಟು ಎಂದರೆ ಎರಡು ಬ್ಯಾರಿಕೇಡು, ಒಂದು ಶಾಮಿಯಾನ, ಒಂದು ಬೆಂಚು. ಬೆಂಚಿನ ತುದಿಯಲ್ಲಿ ಬಂಕಿನಮ್ಮ ನೆಟ್ಟಗೆ ಕೂತಿದ್ದರು. ಇಸ್ತ್ರಿ ಮಾಡಿದ ಸೀರೆ, ಮುಡಿಯಲ್ಲಿ ಹೂವು. ಸರ್ಕಾರಿ ತಪಾಸಣೆಗೆ ಎಂದು ಸಿಂಗರಿಸಿಕೊಂಡು ಹೊರಟಿದ್ದರು. ನೋಟೀಸನ್ನು ಮಡಿಲಲ್ಲಿ ಬಿಡಿಸಿ ಇಟ್ಟುಕೊಂಡಿದ್ದರು.

“ಲೆಟರ್ ತಂದ್ಯೇನಮ್ಮ?”

“ಸಾಹೇಬರು ತಿರುಮಣಿಯಲ್ಲಿದ್ದಾರೆ. ಸಹಿ ಹಾಕಿಸಿಕೊಂಡು ಬರ್ತೀನಿ.”

“ತಪ್ಪು ನಂದೇನಾದ್ರೂ ಐತಾ? ನಾನು ಏನಾರ ಓದ್ಕಳದ್ರಾಗೆ ತಪ್ಪು ಮಾಡ್ದೆನಾ?”

ಅವರ ಎಡಗೈಯ ಗಾಯದ ಗೆರೆ ನೋಟೀಸಿನ ಪಕ್ಕದಲ್ಲೇ ಕಾಣುತ್ತಿತ್ತು. “ಇಲ್ಲ, ತಪ್ಪು ನಂದು,” ಎಂದೆ.

ಬಂಕಿನಮ್ಮ ಸಿಟ್ಟು ಮಾಡಲಿಲ್ಲ. ಸಬ್‌ಇನ್‌ಸ್ಪೆಕ್ಟರ್ ಕಡೆ ತಿರುಗಿ ಕೇಳಿದರು: “ಒಂದ್ ಮಾತು ಹೇಳಿ ಸಾರ್. ನಮ್ಮೂರ್ನಾಗೆ ನನ್ ಪ್ರಾಣಕ್ಕೆ ಅಪಾಯ ಐತೆ ಅಂತ ರಿವಾಲ್ವರ್ ಕೊಟ್ಟವ್ರೆ. ಬಸ್ಸು ಇಲ್ಲಿಗೆ ಬಂದ ತಕ್ಷಣ ಅಪಾಯ ಇಳ್ಕಂಡ್ ಹೋಯ್ತದಾ?”

ಸಬ್‌ಇನ್‌ಸ್ಪೆಕ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡರು. “ನಿಜವೇ ಅಮ್ಮಾ. ನೇನೇಂ ಚೇಯಾಲಿ? ನಾನೇನು ಮಾಡ್ಲಿ ಹೇಳಿ. ಈ ಲೈನ್ ನಾನು ಹಾಕಿದ್ದಲ್ಲ,” ಎಂದು ಅವರಿಗೆ ತಮ್ಮ ಬಾಟಲಿಯ ನೀರು ಕೊಟ್ಟರು.

ಶಾಮಿಯಾನದಿಂದ ಆಚೆ ಬಂದು ರಟ್ಟು ಬಿಚ್ಚಿದೆ. ಶಿರಸ್ತೇದಾರರ ಡ್ರಾಫ್ಟನ್ನು ಎಳೆದು ನಾಲ್ಕು ಚೂರು ಮಾಡಿ ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿದೆ. ಇಷ್ಟಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಆದರೆ ಆ ನಿಮಿಷಕ್ಕೆ ಮುಂಚೆ ನಾನು ಎರಡು ಕಾಗದ ಹೊತ್ತವಳಾಗಿದ್ದೆ, ಈಗ ಒಂದೇ ಉಳಿದಿತ್ತು.

ಪಾವಗಡ ಇನ್ನೂ ದೂರವಿರುವಾಗಲೇ ಪೆಟ್ರೋಲಿನ ಮುಳ್ಳು ಕೆಂಪಿಗೆ ಬಂತು. ಅಂತೂ ಇಂತೂ ಉರುಳಿಸಿಕೊಂಡು ಹೋಗಿ ನಿಂತಿದ್ದು ಯಾರ ಬಂಕಿನ ಮುಂದೆ ಗೊತ್ತೇ? ಬಂಕಿನಮ್ಮನದೇ! ಪಂಪಿನ ಹತ್ತಿರ ನಿಂತಿದ್ದ ಹೆಂಗಸು ಟ್ಯಾಂಕು ತುಂಬಿಸುತ್ತ, “ನಮ್ಮಮ್ಮ ಮಧುಗಿರಿ ತಲುಪವ್ರಾ ಮೇಡಂ? ಫೋನೇ ಎತ್ತುತಿಲ್ಲ. ಬೆಳಗ್ಗೆಯಿಂದ ಆ ಬೈಕು ಎರಡ್ ಸಲ ಬಂದೋಯ್ತು,” ಎಂದಳು. ಯಾವ ಬೈಕು ಎಂದು ನಾನು ಕೇಳಲಿಲ್ಲ. ದುಡ್ಡು ಅವಳ ಕೈಗೆ ತುರುಕಿ ಹೊರಟೆ. ಅಲ್ಲಿಂದ ತಿರುಮಣಿಯವರೆಗೆ ಎರಡೂ ಬದಿಗೆ ಗಾಜಿನ ಹಲಗೆಗಳು ಆಕಾಶವನ್ನೇ ಹಿಡಿದು ನಿಂತಿದ್ದವು. ನನಗೆ ಕಂಡಿದ್ದು ರಸ್ತೆ ಮಾತ್ರ.

ಸಭೆ ಜೋರಾಗಿತ್ತು. ರೈತರು ಎದ್ದು ನಿಂತು ಮಾತಾಡುತ್ತಿದ್ದರು. ಬಾಗಿಲಲ್ಲಿದ್ದ ಜವಾನ, “ಈಗ ಆಗಲ್ಲ ಮೇಡಂ, ಊಟದ ಮೇಲೆ,” ಎಂದು ಅಡ್ಡ ನಿಂತ. ಇಪ್ಪತ್ತು ನಿಮಿಷ ಕಾದೆ. ಗಡಿಯಾರದಲ್ಲಿ ಎರಡೂವರೆ. ಇನ್ನು ತಾಳ್ಮೆ ಉಳಿಯಲಿಲ್ಲ, ಜವಾನನ ತೋಳಿನ ಕೆಳಗೆ ನುಸುಳಿ ನೇರ ವೇದಿಕೆಗೆ ಹೋದೆ. ಬೆವರು, ಧೂಳು, ಹೆಲ್ಮೆಟ್ಟಿನ ಗೆರೆ ಬಿದ್ದ ಮುಖ. ಸಾಹೇಬರು ನನ್ನನ್ನು ಗುರುತಿಸಲಿಲ್ಲ!

ವೇದಿಕೆಯ ಹಿಂದೆ ಕರೆದುಕೊಂಡು ಹೋಗಿ ಕೇಳಿಸಿಕೊಂಡರು. ಪತ್ರವನ್ನು ನಿಧಾನವಾಗಿ ಓದಿದರು. “ಲೋಪ ನಿಮ್ಮದು ಅಂತ ನೀವೇ ಬರೆದಿದ್ದೀರಿ. ಇದಕ್ಕೆ ನಾನು ಕಾರಣ ಕೇಳಿ ನೋಟೀಸ್ ಕೊಡಲೇಬೇಕಾಗುತ್ತೆ. ಗೊತ್ತಾ?”

“ಗೊತ್ತು ಸಾರ್. ಆ ನೋಟೀಸನ್ನೂ ನಾನೇ ಟೈಪು ಮಾಡ್ತೀನಿ. ಈಗ ಸಹಿ ಹಾಕಿ.”

ಸಾಹೇಬರು ಪೆನ್ನು ತೆಗೆದರು. “ವಿಷಯ ನಿರ್ವಾಹಕಿಯ ಲೋಪ” ಎಂದಿದ್ದ ಕಡೆ “ಮತ್ತು ಸಹಿ ಮಾಡಿದ ಅಧಿಕಾರಿಯ” ಎಂದು ಕೈಯಲ್ಲೇ ಸೇರಿಸಿ ಸಹಿ ಹಾಕಿದರು. ಸೀಲು ಜೀಪಿನಲ್ಲಿತ್ತು, ತರಿಸಿ ಒತ್ತಿದರು. ಹಾಗೆಯೇ ನೋಟೀಸಿನ ಕಚೇರಿ ಪ್ರತಿಯ ಹಿಂಬದಿಯಲ್ಲಿ ಹೊಸ ಆದೇಶದ ಎರಡು ಸಾಲು ಬರೆದುಕೊಟ್ಟರು: ಪಾವಗಡ ತಾಲ್ಲೂಕಿನ ಆಯುಧಗಳ ತಪಾಸಣೆ ಇನ್ನು ಮುಂದೆ ಪಾವಗಡದಲ್ಲೇ, ನಾವೇ ಅಲ್ಲಿಗೆ ಹೋಗತಕ್ಕದ್ದು.

ಎಷ್ಟು ಸರಳ! ಆಯುಧವನ್ನು ನಮ್ಮ ಹತ್ತಿರ ಕರೆಸುವ ಬದಲು ನಾವೇ ಅದರ ಹತ್ತಿರ ಹೋದರೆ ಗಡಿಯೇ ಅಡ್ಡ ಬರುವುದಿಲ್ಲ. ಹದಿನಾಲ್ಕು ವರ್ಷ ಯಾರಿಗೂ ಹೊಳೆದಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಚೆಕ್‌ಪೋಸ್ಟು ಮುಟ್ಟಿದೆ. ಸಬ್‌ಇನ್‌ಸ್ಪೆಕ್ಟರ್ ಖಾಲಿ ಫಾರಂ ಹೊರಗೆ ತೆಗೆದು ಇಟ್ಟುಕೊಂಡಿದ್ದರು. ಪತ್ರ ಓದಿ, ಸೀಲನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಡೈರಿಯಲ್ಲಿ ಅರ್ಧ ಪುಟ ಬರೆದು ಫಾರಂ ಒಳಗಿಟ್ಟರು. ಆದರೆ ರಿವಾಲ್ವರ್ ಕೊಡಲಿಲ್ಲ.

“ಇಲ್ಲಿ ಕೊಟ್ರೆ ಮಳ್ಳೀ, ಮತ್ತೆ ಅದೇ ತಪ್ಪು ಕದಾ ಮೇಡಂ? ಇದೂ ಆಂಧ್ರಾನೇ.”

ಹಾಗಾಗಿ ಒಂದು ಮೆರವಣಿಗೆ ಹೊರಟಿತು. ಮುಂದೆ ಪೊಲೀಸ್ ಜೀಪು, ಅದರಲ್ಲಿ ರಟ್ಟಿನ ಡಬ್ಬಿಯಲ್ಲಿ ರಿವಾಲ್ವರ್. ಹಿಂದೆ ನನ್ನ ಸ್ಕೂಟರು, ಹಿಂದಿನ ಸೀಟಿನಲ್ಲಿ ಹೂವು ಬಾಡಿದ ಬಂಕಿನಮ್ಮ. ಪಾವಗಡದ ಕಡೆಯ ಗಡಿಯಲ್ಲಿ ಜೀಪು ನಿಂತಿತು. ಸಬ್‌ಇನ್‌ಸ್ಪೆಕ್ಟರ್ ಕನ್ನಡ ಬೋರ್ಡು ದಾಟಿ ಎರಡು ಹೆಜ್ಜೆ ಈಚೆಗೆ ಬಂದು ಡಬ್ಬಿ ತೆರೆದರು. ನಂಬರನ್ನು ಪುಸ್ತಕದ ಜೊತೆ ನಾನು ತಾಳೆ ನೋಡಿದೆ. ಹದಿನಾಲ್ಕು ವರ್ಷದಲ್ಲಿ ರಿವಾಲ್ವರನ್ನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ಇಷ್ಟು ಚಿಕ್ಕದಕ್ಕೆ ಇಷ್ಟು ಭಾರವೇ ಎನಿಸಿತು. ಬಂಕಿನಮ್ಮ ಅದನ್ನು ತೆಗೆದುಕೊಂಡು, ಮೂತಿ ನೆಲದ ಕಡೆ ಮಾಡಿ, ಸಿಲಿಂಡರು ತೆರೆದು, ಆರೂ ಗೂಡು ಖಾಲಿ ಇವೆಯೆಂದು ಬೆರಳಿಂದ ಮುಟ್ಟಿ ನೋಡಿ, ಚರ್ಮದ ಚೀಲಕ್ಕೆ ಸೇರಿಸಿದರು. ಸಬ್‌ಇನ್‌ಸ್ಪೆಕ್ಟರ್ ಸುಮ್ಮನೆ ಒಂದು ಸಲ್ಯೂಟ್ ಹೊಡೆದರು. ನನಗೆ ಕುಣಿಯುವಷ್ಟು ಸಂತೋಷವಾಯಿತು, ಅಲ್ಲೇ ರಸ್ತೆಯಲ್ಲಿ ಕೂಗಿಯೇಬಿಟ್ಟೆ.

ಬಂಕಿನಮ್ಮ ಕೂಗಲಿಲ್ಲ. “ಶುಕ್ರವಾರ?” ಎಂದರು.

ನನ್ನ ಕೂಗು ಅಲ್ಲೇ ನಿಂತಿತು. ಕೋರ್ಟಿರುವುದು ಮಧುಗಿರಿಯಲ್ಲಿ, ರಸ್ತೆ ಇದೇ. ಆ ಇಬ್ಬರಿಗೂ ಗೊತ್ತಿರುವ ರಸ್ತೆ. ಬಂಕಿನಮ್ಮನಿಗೆ ರಿವಾಲ್ವರ್ ಬೇಕಿದ್ದುದು ಈ ಒಂದು ದಾರಿಗೇ, ಅದನ್ನು ತರಲಾಗದ್ದೂ ಈ ಒಂದು ದಾರಿಯಲ್ಲೇ. ಚಳ್ಳಕೆರೆ ಸುತ್ತಿ ಬಂದರೂ ಕೋರ್ಟಿನ ಒಳಗೆ ಒಯ್ಯುವ ಹಾಗಿಲ್ಲ. ಪರವಾನಗಿಯ ವ್ಯಾಪ್ತಿ ಹೆಚ್ಚಿಸುವ ಅರ್ಜಿಯನ್ನು ಮರುದಿನವೇ ನಾನು ಬರೆದುಕೊಟ್ಟೆ. ಅದು ಮೇಲೆ ಹೋಗಿ ಕೆಳಗಿಳಿಯಲು ತಿಂಗಳುಗಳು ಬೇಕು. ಶುಕ್ರವಾರಕ್ಕೆ ಉಳಿದಿದ್ದು ಮೂರು ದಿನ.

ಕಾರಣ ಕೇಳಿ ನೋಟೀಸು ಬುಧವಾರ ನನ್ನ ಕೈ ಸೇರಿತು, ಟೈಪಿನಲ್ಲಿ ಒಂದೂ ತಪ್ಪಿರಲಿಲ್ಲ. ಶುಕ್ರವಾರಕ್ಕೆ ರಜೆ ಬರೆದೆ. “ಎಲ್ಲಿಗೆ ಬೇಟಾ, ಇಷ್ಟು ಬೇಗ?” ಎಂದು ಅಮ್ಮಿ ಕೇಳಿದಾಗ, ಕೋರ್ಟಿಗೆ ಎಂದಷ್ಟೇ ಹೇಳಿ ಮೊದಲ ಬಸ್ಸಿಗೆ ಪಾವಗಡಕ್ಕೆ ಹೋದೆ. ಬಂಕಿನಮ್ಮ ರಿವಾಲ್ವರನ್ನು ಅಲ್ಲಿನ ಠಾಣೆಗೆ ಒಪ್ಪಿಸಿ, ರಸೀದಿ ಹಿಡಿದು ಸ್ಟ್ಯಾಂಡಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ, “ನೀನ್ಯಾಕ್ ಬಂದೆ?” ಎಂದರು.

“ಆಯುಧ ಸಮೇತ ಬರಬೇಡಿ ಅಂದವಳು ನಾನು. ಒಬ್ಬರೇ ಬನ್ನಿ ಅಂತ ಹೇಳಿರಲಿಲ್ಲವಲ್ಲ.”

ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ತೆಲುಗು ಬೋರ್ಡು ಬಂದಾಗ ಅವರ ಬಲಗೈ ತಾನಾಗಿ ಸೊಂಟದ ಬಳಿ ಹೋಯಿತು. “ಇಲ್ಲ ಅಂತ ಗೊತ್ತು ಕಣಮ್ಮ, ಆದ್ರೂ ಕೈ ಹೋಯ್ತದೆ,” ಎಂದು ನಕ್ಕರು. ಹಿಂದಿನಿಂದ ಒಂದು ಬೈಕಿನ ಸದ್ದು ಹತ್ತಿರವಾಯಿತು. ಅವರು ನನ್ನ ಮಣಿಕಟ್ಟು ಹಿಡಿದರು. ಬೈಕು ಬಸ್ಸನ್ನು ದಾಟಿ ಹೋಯಿತು, ಯಾರೋ ಹಾಲಿನ ಕ್ಯಾನಿನವರು. ಹಿಡಿದ ಕೈ ಮಾತ್ರ ಮಿಡಿಗೇಶಿ ಬಂದರೂ ಸಡಿಲವಾಗಲಿಲ್ಲ, ಮಧುಗಿರಿ ಬಂದರೂ ಇಲ್ಲ, ಕೋರ್ಟಿನ ಬೆಂಚಿನ ಮೇಲೂ ಇಲ್ಲ.

ಹನ್ನೊಂದೂವರೆಗೆ ಹೆಸರು ಕೂಗಿದರು. ಬಂಕಿನಮ್ಮ ನನ್ನ ಕೈ ಬಿಟ್ಟು ಎದ್ದು, ತಿರುಗಿ ನೋಡದೆ ಕಟಕಟೆ ಹತ್ತಿದರು. ನನ್ನ ಮಣಿಕಟ್ಟಿನ ಮೇಲೆ ಅವರ ಐದೂ ಬೆರಳು ಕೆಂಪಗೆ ಮೂಡಿದ್ದವು. ಆ ಇಬ್ಬರು ಎದುರಿಗೇ ನಿಂತಿದ್ದರು. ಅವತ್ತು ಬಂದವರು ಯಾರು, ಗುರುತಿಸುತ್ತೀರಾ ಎಂದು ಸರ್ಕಾರಿ ವಕೀಲರು ಕೇಳಿದರು.

ಬಂಕಿನಮ್ಮ ಸೀಳಿದ ಎಡಗೈಯನ್ನೇ ಎತ್ತಿ ತೋರಿಸಿದರು. “ಇವ್ನು ಸ್ವಾಮಿ. ಇವ್ನೂ.”